ರುಚಿ ನೋಡುವ ಶೆಟ್ಟರ ಬೆಳಗಿನ ತಿಂಡಿ

ಎರಡು ವರ್ಷಗಳ ಹಿಂದೆ, ಮಳೆಗಾಲ ಆಗತಾನೇ ಕಾಲಿಟ್ಟಿದ್ದ ದಿನಗಳಲ್ಲಿ, ನಾನು ಮುಂಬೈ ಪಕ್ಕದ ಠಾಣೆ ನಗರದ ಒಂದು ಖಾಸಗಿ ಮಧುಮೇಹ ಕ್ಲಿನಿಕ್ಕಿನಲ್ಲಿ ಡಯಟೀಷಿಯನ್ ಆಗಿದ್ದೆ. ಆಹಾರ ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ಸೇರಿದ ಮೊದಲ ಕೆಲಸ ಅದು. ವೈದ್ಯರು ಮಾತ್ರೆ ಬರೆಯುತ್ತಿದ್ದರು, ನಾನು ಪಥ್ಯ ಬರೆಯಬೇಕಿತ್ತು. ವಾಸ್ತವದಲ್ಲಿ ಬರೆಯಲು ಏನೂ ಇರಲಿಲ್ಲ. ಕ್ಲಿನಿಕ್ ಒಂದೇ ಒಂದು ಪಥ್ಯವನ್ನು ಅಚ್ಚು ಹಾಕಿಸಿ ಇಟ್ಟುಕೊಂಡಿತ್ತು. ಐರೋಲಿಯ ಐಟಿ ಕಚೇರಿಯಿಂದ ಬಂದವರಿಗೂ ಅದೇ, ಉಲ್ಹಾಸನಗರದ ಬಟ್ಟೆ ವ್ಯಾಪಾರಿಗೂ ಅದೇ, ಕಲ್ಯಾಣದಲ್ಲಿ ಲಾರಿಯ ಸರಕು ಇಳಿಸುವ ಕಲಬುರಗಿಯವರಿಗೂ ಅದೇ. ಬೆಳಗಿನ ತಿಂಡಿಗೆ ಚಿಯಾ ಪುಡ್ಡಿಂಗ್: ಎರಡು ಚಮಚ ಚಿಯಾ ಬೀಜವನ್ನು ಬಾದಾಮಿ ಹಾಲಿನಲ್ಲಿ ರಾತ್ರಿಯಿಡೀ ನೆನೆಸಿ, ಮೇಲೆ ಹಣ್ಣು ಹಾಕಿ ತಿನ್ನುವುದು. ಚಿಯಾ ಪೊಟ್ಟಣ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲೇ ಮಾರಾಟಕ್ಕಿತ್ತು.

ಚಿಯಾ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಾಮಕಸ್ತೂರಿ ಬೀಜದಂತೆ ಅದೂ ನೀರು ಹೀರಿ ಲೋಳೆಯಾಗುತ್ತದೆ. ಆ ಲೋಳೆಯೇ ಅದರ ಗುಣ. ಕರಗುವ ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಒಣಗಿದ್ದನ್ನು ಹಾಗೆಯೇ ನುಂಗದೆ ಚೆನ್ನಾಗಿ ನೆನೆಸಿ ತಿಂದರೆ ಒಳ್ಳೆಯ ಆಹಾರ. ಆದರೆ ಒಳ್ಳೆಯ ಆಹಾರ ಎಂಬುದು ತಿನ್ನುವ ಮನುಷ್ಯನನ್ನು ಬಿಟ್ಟು ಗಾಳಿಯಲ್ಲಿ ತೇಲುವ ವಸ್ತುವಲ್ಲ.

ಸಂಜೀವ ಶೆಟ್ಟರು ನನ್ನ ಮುಂದೆ ಬಂದು ಕುಳಿತದ್ದು ಆಗಲೇ. ಕುಂದಾಪುರದ ಕಡೆಯವರು, ಅರವತ್ತು ದಾಟಿದ್ದರು, ಡೊಂಬಿವಲಿ ಪೂರ್ವದಲ್ಲಿ ಅವರದೊಂದು ಹೋಟೆಲ್. ಜೊತೆಗೆ ಮಗಳು ಶ್ವೇತಾ ಇದ್ದಳು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ, ಶೆಟ್ಟರದು 8.4 ಇತ್ತು. ನಾನು ಸೇರುವ ಮೊದಲೇ ಅವರಿಗೆ ಕ್ಲಿನಿಕ್ಕಿನ ಪಥ್ಯ ಕೊಟ್ಟಾಗಿತ್ತು. ಅದನ್ನು ಪಾಲಿಸಿದ ಮೇಲೂ ಅಂಕಿ ಕದಲಿರಲಿಲ್ಲ. ಮನೆಯಲ್ಲಿ ತೀರ್ಮಾನವೂ ಆಗಿಬಿಟ್ಟಿತ್ತು: ಇನ್ನೊಂದು ಪರೀಕ್ಷೆಯಲ್ಲೂ ಸಕ್ಕರೆ ಇಳಿಯದಿದ್ದರೆ ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ಶೆಟ್ಟರು ಮನೆಯಲ್ಲಿ ಕೂರಬೇಕು. ಎಣ್ಣೆ, ಸಕ್ಕರೆ, ಮೈದಾಗಳ ನಡುವೆ ನಿಂತಿರುವವರೆಗೂ ಅಪ್ಪ ಗುಣವಾಗುವುದಿಲ್ಲ ಎಂಬುದು ಮಗಳ ವಾದ. ಮೂವತ್ತೈದು ವರ್ಷ ನಿಂತ ಜಾಗದಿಂದ ಆ ಮನುಷ್ಯನನ್ನು ಇಳಿಸುವ ಮಾತು ನನ್ನ ಮೇಜಿನ ಮುಂದೆಯೇ ನಡೆಯಿತು, ಅವರು ಅಲ್ಲಿ ಇಲ್ಲವೇನೋ ಎಂಬಂತೆ.

ಪಥ್ಯ ತಪ್ಪಿದೆಯೇ ಎಂದು ಕೇಳಿದೆ. ಶ್ವೇತಾ ಮುಂಬೈಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದಳು. "ಪಪ್ಪಾ ಪೂರಾ ಬೌಲ್ ಖಾಲಿ ಮಾಡ್ತಾರೆ, ಮೈ ಖುದ್ ಸಾಮ್ನೆ ಬೈಠ್ತೀ ಹೂಂ" ಎಂದಳು, ತಾನೇ ಎದುರು ಕೂತಿರುತ್ತೇನೆ ಎಂಬ ಅರ್ಥದಲ್ಲಿ.

"ದೇವರಾಣೆ ಡಾಕ್ಟ್ರಮ್ಮ," ಎಂದರು ಶೆಟ್ಟರು. ನಾನು ಡಾಕ್ಟರಲ್ಲ ಎಂದು ತಿದ್ದಿದರೂ ಅವರು ಬಿಡಲಿಲ್ಲ. "ಕಪ್ಪೆಮೊಟ್ಟೆ ನುಂಗಿದ ಹಾಗೆ ದಿನಾ ನುಂಗ್ತಾ ಇದ್ದೇನೆ. ಅದು ಬಿಟ್ಟು ಮಧ್ಯಾಹ್ನದ ಊಟದವರೆಗೆ ಎಂತದೂ ತಿನ್ನುವುದಿಲ್ಲ."

ನಮ್ಮ ಕ್ಲಿನಿಕ್ಕಿನ ನಿರ್ದೇಶಕರು ಈ ಪ್ರಕರಣವನ್ನು ಒಂದೇ ಪದದಲ್ಲಿ ಮುಗಿಸಿದರು: ನಾನ್-ಕಂಪ್ಲಯಂಟ್. ಹೇಳಿದ ಮಾತು ಕೇಳದ ರೋಗಿ ಎಂದರ್ಥ. ಫೈಲಿನಲ್ಲಿ ಆ ಪದ ಬಿದ್ದರೆ ಪಥ್ಯ ಬರೆದವರ ಹೊಣೆ ಅಲ್ಲಿಗೆ ಮುಗಿಯಿತು. ತಪ್ಪೆಲ್ಲ ರೋಗಿಯ ನಾಲಿಗೆಯದು. ಮುಂದಿನ ಹೆಜ್ಜೆ ಇನ್ಸುಲಿನ್ ಎಂದರು. ಇನ್ಸುಲಿನ್ ಶಿಕ್ಷೆಯಲ್ಲ, ಬೇಕಾದವರಿಗೆ ಅದು ಜೀವ. ಆದರೆ ಇಲ್ಲಿ ಅದನ್ನು ಶಿಕ್ಷೆಯ ಧಾಟಿಯಲ್ಲಿ ಹೇಳಲಾಗಿತ್ತು. ನಾನು ಆ ಪದ ಬರೆಯುವುದಿಲ್ಲವೆಂದೆ. ಮಗಳು ಸುಳ್ಳು ಹೇಳುತ್ತಿರಲಿಲ್ಲ, ಅಪ್ಪನೂ ಸುಳ್ಳು ಹೇಳುತ್ತಿರಲಿಲ್ಲ. ರಕ್ತ ಮಾತ್ರ ಬೇರೆ ಹೇಳುತ್ತಿತ್ತು. ಇಬ್ಬರ ಸತ್ಯದ ನಡುವೆ ಏನೋ ಬಿಟ್ಟುಹೋಗಿದೆ, ಅದನ್ನು ಹುಡುಕಲು ಸಂಬಳ ತೆಗೆದುಕೊಳ್ಳುವವಳು ನಾನು ಎಂದು ವಾದಿಸಿದೆ. ರೋಗಿಯ ಪರ ವಕಾಲತ್ತು ನಿನ್ನ ಕೆಲಸವಲ್ಲ ಎಂದು ಅವರು ಮರಾಠಿಯಲ್ಲಿ ಹೇಳಿ ನಕ್ಕರು. ಆದರೂ ಮುಂದಿನ ಪರೀಕ್ಷೆಯವರೆಗೆ ಕಾಯಲು ಒಪ್ಪಿದರು.

ನಾನಿರುವುದೂ ಡೊಂಬಿವಲಿಯಲ್ಲೇ. ಮರುವಾರ ಒಂದು ಬೆಳಿಗ್ಗೆ, ಠಾಣೆಯ ಲೋಕಲ್ ಹಿಡಿಯುವ ಮೊದಲು ಶೆಟ್ಟರ ಅನುಮತಿ ಪಡೆದು ಅವರ ಹೋಟೆಲಿನ ಅಡುಗೆಮನೆಗೆ ಹೋದೆ. ಶಟರನ್ನು ಇನ್ನೂ ಅರ್ಧ ಮಾತ್ರ ಎತ್ತಿದ್ದರು. ಒಳಗೆ ಅವರದೊಂದು ಕಟ್ಟಲೆ: ಮಾಲಕರು ರುಚಿ ನೋಡದೆ ಯಾವ ತಿಂಡಿಯೂ ಹೊರಗಿನ ಮೇಜಿಗೆ ಹೋಗುವಂತಿಲ್ಲ. ಕ್ಲಿನಿಕ್ಕಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ವ್ಯಕ್ತಿ ಅಲ್ಲಿ ಬೇರೆಯೇ ಆಗಿದ್ದರು. ಕಾಯಿ ಚಟ್ನಿಗೆ ಬೆರಳದ್ದಿ ಹಸಿಮೆಣಸು ಕಮ್ಮಿ ಎಂದರು. ಇಡ್ಲಿ ಮುರಿದು ಮೂಸಿ ಅರ್ಧ ತಿಂದರು. ಸಾಂಬಾರು ಎರಡು ಸೌಟು. ಕಾವಲಿಯ ಮೊದಲ ದೋಸೆ ಅವರದೇ. ಉದ್ದಿನ ವಡೆಯ ಒಳಗು ಬೆಂದಿದೆಯೇ ನೋಡಲು ಒಂದು, ಎರಡನೇ ಸಲ ಕರಿದ ಒಬ್ಬೆಯದು ಇನ್ನೊಂದು. ಉಪ್ಪಿಟ್ಟು, ಶಿರಾ, ಡಿಕಾಕ್ಷನ್ ಹದ ನೋಡಲು ಸಕ್ಕರೆ ಬೆರೆಸಿದ ಅರ್ಧ ಲೋಟ ಕಾಫಿ.

ಅವರು ಬಾಯಿಗೆ ಹಾಕಿದಷ್ಟನ್ನೇ ನಾನು ಒಂದು ಸ್ಟೀಲ್ ತಟ್ಟೆಗೆ ತೆಗೆದಿಡುತ್ತಾ ಹೋದೆ. ರುಚಿಯ ಗಮನದಲ್ಲಿದ್ದ ಅವರು ಅದನ್ನು ನೋಡಲಿಲ್ಲ. ಗಿರಾಕಿಗಳು ಬರತೊಡಗಿದಾಗ ತಟ್ಟೆಯನ್ನು ಅವರ ಮುಂದಿಟ್ಟೆ. ಅದರ ಅಂಚು ಕಾಣಿಸುತ್ತಿರಲಿಲ್ಲ.

"ಇಷ್ಟು ಯಾರಿಗೆ ಮಾರಾಯ್ರೆ? ನಿಮಗಾ?"

"ನೀವು ಇವತ್ತು ತಿಂದದ್ದು."

"ತಿಂದದ್ದಲ್ಲ ಅದು, ರುಚಿ ನೋಡಿದ್ದು."

"ನಿಮ್ಮ ರಕ್ತಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ ಶೆಟ್ರೆ."

ಅವರು ತಟ್ಟೆಯನ್ನು ನೋಡುತ್ತಲೇ ನಿಂತರು. ಕಾವಲಿಯ ಬಳಿ ಇದ್ದ ಹಿರಿಯ ಅಡುಗೆಯವರು ಅತ್ತ ತಿರುಗಿ ನಗು ನುಂಗಿಕೊಂಡರು. ಹೋಟೆಲಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಅವರ ಪಾಲಿಗೆ ತಿನ್ನುವುದೆಂದರೆ ಎಲೆಯ ಮುಂದೆಯೋ ಮೇಜಿನ ಮುಂದೆಯೋ ಕೂರುವುದು. ನಿಂತು ಬಾಯಿಗೆ ಹಾಕಿದ್ದು ಕೆಲಸ. ಮನೆಯಲ್ಲಿ ಕೂತು ಪುಡ್ಡಿಂಗ್ ತಿನ್ನುತ್ತಿದ್ದರು, ಇಲ್ಲಿ ನಿಂತು ದುಡಿಯುತ್ತಿದ್ದರು. ಕೊನೆಗೆ ಅವರೇ ಒಂದು ಮಾತು ಸೇರಿಸಿದರು: ಆ ಲೋಳೆಯ ರುಚಿ ಬಾಯಿಯಿಂದ ಹೋಗಲೆಂದು ಪಥ್ಯ ಶುರುವಾದಂದಿನಿಂದ ವಡೆ ಒಂದು ಜಾಸ್ತಿಯಾಗಿದೆಯಂತೆ. ನಮ್ಮ ಪಥ್ಯ ಅವರ ತಿಂಡಿಯನ್ನು ಕಮ್ಮಿ ಮಾಡಿರಲಿಲ್ಲ, ಹೆಚ್ಚಿಸಿತ್ತು.

ಚಹಾ ಪರೀಕ್ಷಕರಂತೆ ರುಚಿ ನೋಡಿ ಉಗುಳಬಹುದಲ್ಲ ಎಂದು ನಾನು ಸೂಚಿಸಿದಾಗ ಅವರ ಮುಖ ಕೆಂಪೇರಿತು. "ಅನ್ನವನ್ನು ಉಗುಳುವುದುಂಟಾ? ನಾನು ಹೋಟೆಲ್ ಬೇಕಾದರೂ ಬಿಟ್ಟೇನು." ಆ ದಾರಿ ಅಲ್ಲಿಗೆ ಮುಚ್ಚಿತು, ಮುಚ್ಚಬೇಕಾದದ್ದೇ. ಬದಲಿಗೆ ರುಚಿ ನೋಡುವುದನ್ನೇ ಪಥ್ಯದೊಳಗೆ ಸೇರಿಸಿದೆವು. ಸಾಂಬಾರು, ಚಟ್ನಿಗೆ ಚಿಕ್ಕ ಚಮಚ. ಇಡ್ಲಿ, ದೋಸೆ, ವಡೆ ಒಂದೊಂದು ತುಣುಕು. ಶಿರಾ ಮತ್ತು ಕಾಫಿಯ ಜವಾಬ್ದಾರಿ ಹಿರಿಯ ಅಡುಗೆಯವರಿಗೆ. ಖಾಲಿ ಹೊಟ್ಟೆಯಲ್ಲಿ ರುಚಿ ನೋಡಲು ನಿಂತರೆ ತುಣುಕು ತುತ್ತಾಗುತ್ತದೆ, ಆದ್ದರಿಂದ ಮೊದಲೇ ಕೂತು ಒಂದು ನಿಜವಾದ ತಿಂಡಿ ತಿನ್ನಲೇಬೇಕು ಎಂದೆ.

"ಚಿಯಾ ಬೇಕೇ ಬೇಕಾ?" ಎಂದು ಕೇಳಿದರು.

ಬೇಡ, ಅದೇನು ಔಷಧಿಯಲ್ಲ ಎಂದು ನಾನು ಹೇಳಿದಾಗ ಅವರಲ್ಲಿನ ಹೋಟೆಲಿನವನು ಎಚ್ಚರಗೊಂಡ. ಬಿಡುವುದಕ್ಕಿಂತ ಸರಿ ಮಾಡುವುದು ಅವರ ಸ್ವಭಾವ. ಮೊದಲು ರಾಗಿ ನೀರಿಗೆ ಹಾಕಿ ನೋಡಿದರು, ಗಂಟಾಯಿತು. ಎಳನೀರಿಗೆ ಹಾಕಿದರು, ತಾವೇ ಚೆಲ್ಲಿದರು. ಕೊನೆಗೆ ಹುಳಿಯಿಲ್ಲದ ತೆಳು ಮೊಸರಿನಲ್ಲಿ ಒಂದು ಚಮಚ ಚಿಯಾವನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಅದಕ್ಕೆ ನೆನೆದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಮುಳ್ಳುಸೌತೆ, ಶುಂಠಿ ಬೆರೆಸಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರು. ಲೋಳೆ ಮೊಸರಿನೊಳಗೆ ಮರೆಯಾಗಿತ್ತು, ಬೀಜ ಹಲ್ಲಿಗೆ ಕಸಕಸೆಯಂತೆ ಸಿಗುತ್ತಿತ್ತು. ನಾನು ಮತ್ತೆ ಹೋಟೆಲಿಗೆ ಹೋದ ದಿನ ನನಗೂ ಒಂದು ಬಟ್ಟಲು ಬಂತು. ಅವರು ತಮ್ಮದನ್ನು ಮುಗಿಸಿ, ಬಟ್ಟಲು ಮುಂದೆ ಚಾಚಿ ಇನ್ನಷ್ಟು ಹಾಕಿಸಿಕೊಂಡರು. "ಹೀಂಗಾದ್ರೆ ಇದು ಮನುಷ್ಯರ ತಿಂಡಿ. ಮೊದಲೇ ಕೇಳಿದ್ರೆ ಮೊದಲೇ ಮಾಡಿಕೊಡ್ತಿದ್ದೆ ಅಲ್ವಾ?"

ಯಾರೂ ಕೇಳಿರಲಿಲ್ಲ. ಆ ಮಾತನ್ನೇ ನಾನು ಕ್ಲಿನಿಕ್ಕಿಗೆ ಹೊತ್ತೊಯ್ದೆ.

ಮುಂದಿನ ಪರೀಕ್ಷೆ ಗಣಪತಿ ಹಬ್ಬ ಕಳೆದ ಮೇಲೆ ನಡೆಯಿತು. ಹಬ್ಬದ ದಿನ ಎರಡು ಮೋದಕ ತಿಂದೆ ಎಂದು ಶೆಟ್ಟರು ತಾವಾಗಿಯೇ ಒಪ್ಪಿಕೊಂಡಿದ್ದರು, ರುಚಿ ನೋಡಿದೆ ಎನ್ನಲಿಲ್ಲ. ಎಚ್‌ಬಿಎ1ಸಿ 7.1 ಬಂತು. ವೈದ್ಯರು ಅದೇ ಮಾತ್ರೆ ಮುಂದುವರಿಸಿ, ಇನ್ಸುಲಿನ್ ಸದ್ಯಕ್ಕೆ ಬೇಡವೆಂದರು. ಶ್ವೇತಾ ವರದಿಯನ್ನು ಎರಡು ಸಲ ಓದಿ ಅಪ್ಪನತ್ತ ತಿರುಗಿದಳು. "ಠೀಕ್ ಹೈ ಪಪ್ಪಾ. ಹೋಟೆಲ್ ನೀವೇ ನೋಡ್ಕೊಳ್ಳಿ." ಶೆಟ್ಟರು ಅಂಗಿಯ ತೋಳಿನಿಂದ ಕನ್ನಡಕ ಒರೆಸಿಕೊಂಡರು.

ಆ ವಾರದ ಸಭೆಯಲ್ಲಿ ನಾನು ಕೈಯೆತ್ತಿದೆ. ಸಕ್ಕರೆ ಇಳಿದದ್ದಕ್ಕೆ ಅಭಿನಂದನೆ ಬೇಡ, ಇಳಿಯದಿದ್ದಾಗ ಹೊಣೆ ಯಾರದಾಗಿತ್ತು ಎಂಬುದಕ್ಕೆ ಉತ್ತರ ಬೇಕು ಎಂದೆ. ಬೆಳಿಗ್ಗೆಯೆಲ್ಲ ತಿಂಡಿಯ ನಡುವೆ ನಿಲ್ಲುವ ಮನುಷ್ಯನಿಗೆ ಅವನ ಕೆಲಸವೇನು, ಇಷ್ಟವೇನು ಎಂದು ಕೇಳದೆ ಪಥ್ಯ ಕೊಟ್ಟವರು ನಾವು. ಅದು ಫಲಿಸದಿದ್ದಾಗ ಅವನ ಹೆಸರಿನ ಮುಂದೆ ದೂರು ಬರೆಯಲು ಹೊರಟವರೂ ನಾವೇ. ನಿರ್ದೇಶಕರು ಎಲ್ಲರೆದುರು ಅಚ್ಚಾದ ಪಥ್ಯವನ್ನು ಹಿಂತೆಗೆದುಕೊಳ್ಳಲು ಒಪ್ಪಿದರು. ಒಪ್ಪಿದ್ದು ಅವರ ದೊಡ್ಡತನ ಎನ್ನಬಹುದು. ಅದು ಕರ್ತವ್ಯ ಎನ್ನುವುದು ಹೆಚ್ಚು ಸರಿ.

ಈ ಪ್ರಕರಣದ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಶೆಟ್ಟರ ಬಗ್ಗೆ ಇನ್ನೂ ಹೆಚ್ಚಿನ ಹೆಮ್ಮೆಯಿದೆ; ವರ್ಷಗಳ ಅಭ್ಯಾಸವನ್ನು ಒಂದು ತುಣುಕಿಗೆ ಇಳಿಸುವುದು ಪದವಿ ಗಳಿಸುವುದಕ್ಕಿಂತ ಕಷ್ಟ. ವೃತ್ತಿ ನನಗೆ ಕಲಿಸಿದ್ದನ್ನು ಈಗ ಹೊಸದಾಗಿ ಸೇರುವ ಡಯಟೀಷಿಯನ್ನರಿಗೆ ನೇರವಾಗಿ ಹೇಳುತ್ತೇನೆ. ಪಥ್ಯ ಮುರಿದವರನ್ನು ವಿಚಾರಿಸುವ ಮೊದಲು ಪಥ್ಯ ಬರೆದವರನ್ನು ವಿಚಾರಿಸಬೇಕು. ಮನುಷ್ಯ ತನಗೆ ಹಿಡಿಸಿದ ಆರೋಗ್ಯಕರ ಆಹಾರವನ್ನು ವರ್ಷಗಟ್ಟಲೆ ತಿನ್ನುತ್ತಾನೆ, ಹಿಡಿಸದ್ದನ್ನು ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಮಾತ್ರ.