ಒಳಗಿನ ಹಳದಿ
ಹರಪನಹಳ್ಳಿಯಲ್ಲಿ ಮೂರು ದಿನ ಉಣ್ಣೆಗೆ ಬಣ್ಣ ಹಾಕುವುದನ್ನು ಕಲಿತು ಬಂದಾಗಿನಿಂದ ನಮ್ಮೂರ ಕನಕರಾಜ ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸುತ್ತಾನೆ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿ ಬಿಟ್ಟು, ಅಡುಗೆಯವರ ಹತ್ತಿರ ಉಳ್ಳಾಗಡ್ಡಿ ಸಿಪ್ಪೆಗೆ ಚೀಲ ಹಿಡಿದು ನಿಲ್ಲುತ್ತಾನೆ. ಸನ್ಮಾನವಾದವರ ಕೊರಳಿನಲ್ಲಿ ಚೆಂಡುಹೂವಿನ ಹಾರ ಕಂಡರೆ ಅದು ಬಾಡುವವರೆಗೂ ಅವರ ಬೆನ್ನು ಬಿಡುವುದಿಲ್ಲ. ತರಬೇತಿಯಲ್ಲಿ ಕೊಟ್ಟಿದ್ದು ಬಿಳಿ ಉಣ್ಣೆ, ನಮ್ಮ ಕುರಿಗಳೆಲ್ಲ ಕಪ್ಪು ಎಂಬುದೊಂದು ಮಾತ್ರ ಅವನ ತಲೆಗೆ ಹೋಗಿಲ್ಲ. ಅರ್ಧ ದಿನ ಚೆಂಡುಹೂವಿನ ನೀರಿನಲ್ಲಿ ಕುದಿಸಿ, ಹಾಕಿದಷ್ಟೇ ಕಪ್ಪಾಗಿ ಹೊರತೆಗೆದು, ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ‘ಬಿಸಿಲಿಗೆ ಹಿಡಿದು ನೋಡ್ರಿ, ಒಳಗ ಹಳದಿ ಐತಿ’ ಎಂದು ಮಾರಲು ನಿಲ್ಲುತ್ತಾನೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಕತ್ತರಿಸಿದ ಉಣ್ಣೆಗೆ ಗಿರಾಕಿಯಿಲ್ಲವೆಂದು ಹಳ್ಳಕ್ಕೆ ಸುರಿದು ಬರುವವರೂ ನಾವೇ. ಅದನ್ನು ಆಯ್ದು, ತೊಳೆದು, ಮನೆಗೆ ಹೊರುವವನು ಅವನೊಬ್ಬ. ಎಂಟು ವರ್ಷ ಜಂತಿಗೆ ಸಿಕ್ಕಿಸಿಟ್ಟಿದ್ದ ಕದಿರನ್ನು ಅವನ ತಾಯಿ ಪಕ್ಕೀರಮ್ಮ ಈಗ ಇಳಿಸಿಕೊಂಡು ದಿನವೂ ಕಟ್ಟೆಯ ಮೇಲೆ ಕೂತು ನೂಲುತ್ತಾಳೆ. ‘ಖರೇ ಹೇಳವ್ವ, ಹಳದಿ ಐತೇನು?’ ಎಂದು ಒಮ್ಮೆ ಕೇಳಿದೆ. ಅವಳು ಕಪ್ಪು ಎಳೆಯಿಂದ ಕಣ್ಣೆತ್ತಲಿಲ್ಲ. ‘ಐತಪ್ಪ. ಹಳ್ಳಕ್ಕ ಸುರಿಯೋರ ಕಣ್ಣಿಗೆ ಕಾಣಂಗಿಲ್ಲ.’