ಬಾಡಿಗೆ ಬೋರ್ಡಿನ ಮೇಲೆ ‘ಡೀಸೆಂಟ್’

ಗೆಳೆಯರೇ, ಮಧ್ಯಾಹ್ನ ಕಂಡದ್ದನ್ನು ಇನ್ನೂ ಅರಗಿಸಿಕೊಳ್ಳಲಾಗಿಲ್ಲ. ಬಸವನಗುಡಿಯ ರಾಯರೊಬ್ಬರ ಗೇಟಿಗೆ ಬೋರ್ಡು ಬರೆಯುತ್ತಿದ್ದೆ: ‘ಹಿಂದಿನ ಮನೆ ಬಾಡಿಗೆಗಿದೆ. ಡೀಸೆಂಟ್ ಫ್ಯಾಮಿಲಿಗೆ ಮಾತ್ರ.’ ಬಣ್ಣ ಒಣಗುವ ಮೊದಲೇ ನನ್ನ ಹಳೆಯ ಇಂಗ್ಲಿಷ್ ಮೇಷ್ಟ್ರು ಮನೆ ಕೇಳಿಕೊಂಡು ಬಂದರು. ಈಗಿರುವ ಮನೆಯನ್ನು ವಾರದೊಳಗೆ ಬಿಡಬೇಕಂತೆ. ಡೀಸೆಂಟ್ ಅಂದರೆ ಸಭ್ಯ ಎಂದು ನನಗೆ ಕಲಿಸಿದವರೇ ಅವರು.

ರಾಯರು ಜಾತಿ ಕೇಳಿದರು. ಮೇಷ್ಟ್ರು ಮರೆಮಾಚದೆ ಹೇಳಿದರು.

‘ಅಯ್ಯೋ, ಮನೆ ಬೆಳಿಗ್ಗೇನೇ ಕೊಟ್ಟುಬಿಟ್ವಲ್ಲ,’ ಎಂದರು ರಾಯರು.

‘ಇಲ್ಲ ಸಾರ್, ಖಾಲಿ ಇದೆ,’ ಎಂದೆ ನಾನು.

ಮೇಷ್ಟ್ರು ನನ್ನ ಭುಜ ತಟ್ಟಿ, ಸೈಕಲ್ಲು ತಳ್ಳಿಕೊಂಡು ಹೊರಟುಹೋದರು.

‘ಅಷ್ಟೂ ತಿಳಿಯಲ್ವೇನೋ?’ ರಾಯರು ರೇಗಿದರು. ‘ಎರಡು ಮನೆಗೂ ಒಂದೇ ಬಾವಿ. ಡೀಸೆಂಟ್ ಅಂದ್ರೆ ನಮ್ಮ ಜಾತಿಯೋರು ಅಂತ. ಎಲ್ಲರೂ ಹಾಗೇ ಬರೆಸೋದು.’

ಬೋರ್ಡಿನ ‘ಡೀಸೆಂಟ್’ ಸಾಲನ್ನು ಒರೆಸಿ, ಅವರು ಹೇಳಿದ ಅರ್ಥವನ್ನೇ ದಪ್ಪಕ್ಷರದಲ್ಲಿ ಬರೆದೆ: ‘ನಮ್ಮ ಜಾತಿಯವರಿಗೆ ಮಾತ್ರ.’

ರಾಯರು ಗಾಬರಿಯಾದರು. ‘ಬೇಗ ಅಳಿಸೋ. ಬೀದೀಲಿ ಹೋಗೋರು ಓದಿದ್ರೆ ಏನಂದ್ಕೋತಾರೆ? ಡೀಸೆಂಟಾಗಿ ಬರಿ.’

ಬೋರ್ಡನ್ನು ಹಾಗೇ ಬಿಟ್ಟು ಬಂದೆ. ಮಿಡ್ಲ್ ಸ್ಕೂಲಿಗೇ ಓದು ಬಿಟ್ಟವನಿಗೆ ಅಷ್ಟು ಮೇಲ್ಮಟ್ಟದ ಇಂಗ್ಲಿಷ್ ಬರುವುದಿಲ್ಲ.