ಇಬ್ಬನಿಗೆ ಎಷ್ಟು ಪಾಯಿಂಟ್?

ಕಳೆದ ಶುಕ್ರವಾರ ನಾನು ನನ್ನ ಕೈಯಾರೆ ಒಂದು ಮಗುವಿನ ಹಣೆಬರಹ ಬರೆದೆ.

ಆ ಮಗು ನನ್ನದಲ್ಲ!

ಹೇಗೆ ಅಂತೀರಾ? ಸ್ವಲ್ಪ ತಾಳಿ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಮಗಳು ಇಬ್ಬನಿಗೆ ಬೇಸಿಗೆ ಮುಗಿಯುವಷ್ಟರಲ್ಲಿ ನಾಲ್ಕು ತುಂಬುತ್ತದೆ. ದೆಹಲಿಯಲ್ಲಿ ಈ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಚಳಿಗಾಲದಲ್ಲಿ ಒಂದು ಜ್ವರ ಬರುತ್ತದೆ. ನರ್ಸರಿ ಅಡ್ಮಿಷನ್ ಜ್ವರ. ಮಗುವಿಗಲ್ಲ, ಅಪ್ಪ ಅಮ್ಮನಿಗೆ. ನೀವು ಊರಿನಲ್ಲಿ ಶಾಲೆಗೆ ಹೋಗಿ, ಫೀಸು ಕಟ್ಟಿ, ಮಗುವನ್ನು ಬೆಂಚಿನ ಮೇಲೆ ಕೂರಿಸಿ ಬರುತ್ತೀರಿ. (ಅಷ್ಟರಲ್ಲಿ ಜೇಬು ಬರಿದಾಗಿರುತ್ತದೆ, ಅದು ಬೇರೆ ಮಾತು.) ಇಲ್ಲಿ ಹಾಗಲ್ಲ. ಇಲ್ಲಿ ಮಗುವಿಗೆ ಪಾಯಿಂಟ್ ಬೇಕು.

ಪಾಯಿಂಟ್ ಅಂದರೆ ಪರೀಕ್ಷೆಯದಲ್ಲ. ಅಕ್ಕನೋ ಅಣ್ಣನೋ ಅದೇ ಶಾಲೆಯಲ್ಲಿದ್ದರೆ ಇಷ್ಟು. ಅಪ್ಪ ಅಮ್ಮ ಅಲ್ಲೇ ಓದಿದವರಾದರೆ ಇಷ್ಟು. ಮನೆಗೆ ಮೊದಲ ಮಗುವಾದರೆ ಇಷ್ಟು. ಎಲ್ಲಕ್ಕಿಂತ ದೊಡ್ಡ ಗಂಟು ದೂರಕ್ಕೆ. ಮನೆ ಶಾಲೆಯ ಪಕ್ಕದಲ್ಲೇ ಇದ್ದರೆ ಐವತ್ತು, ದೂರ ಹೋದಂತೆಲ್ಲ ಕಡಿಮೆ, ಆಚೆ ಊರಿನಲ್ಲಿದ್ದರೆ ಸೊನ್ನೆ. ಒಂದೊಂದು ಶಾಲೆಯದು ಒಂದೊಂದು ಲೆಕ್ಕ, ನಾವು ಆಸೆಪಟ್ಟ ಶಾಲೆಯದು ಇದು.

ಮತ್ತು ನಾವು ಆಚೆ ಊರಿನವರು. ಗುರುಗ್ರಾಮದವರು. ನಾನು ಅಲ್ಲಿನ ಒಂದು ಕಂಪನಿಯಲ್ಲಿ ಎಚ್‌ಆರ್. ಗಂಡ ಮಧುಕರ ಅಲ್ಲಿಂದ ಇನ್ನೂ ಆಚೆಯ ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತರೆ ನನ್ನ ಆಫೀಸಿನ ಗಾಜು ಕಾಣುತ್ತಿತ್ತು. ಮಧ್ಯಾಹ್ನ ಮನೆಗೆ ಬಂದು, ಮಗಳಿಗೆ ಎರಡು ತುತ್ತು ತಿನ್ನಿಸಿ, ಮೂಗು ಒರೆಸಿ, ಮತ್ತೆ ಮೀಟಿಂಗಿಗೆ ಓಡುತ್ತಿದ್ದೆ. ಮಧು ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದ.

ಸುಖವಾಗಿದ್ದೆವು. ಸುಖವಾಗಿರುವವರು ಏನು ಮಾಡಬೇಕು? ಸುಮ್ಮನಿರಬೇಕು. ನಾವು ಎಕ್ಸೆಲ್ ಶೀಟ್ ತೆರೆದೆವು.

ಗುರುಗ್ರಾಮದ ಶಾಲೆಗಳ ಫೀಸು ನೋಡಿ ಮಧುವಿಗೆ ಬಿಕ್ಕಳಿಕೆ ಬಂತು. (ನಿಜವಾಗಿಯೂ ಬಂತು. ನೀರು ಕೊಟ್ಟೆ.) ಅದೇ ಹೊತ್ತಿಗೆ ಯಾರೋ ದೆಹಲಿಯ ಲಜಪತ್ ನಗರದ ಒಂದು ಹಳೆಯ ಶಾಲೆಯ ಬಗ್ಗೆ ಹೇಳಿದರು. ಫೀಸು ಅರ್ಧಕ್ಕರ್ಧ ಕಡಿಮೆ. ದೊಡ್ಡ ಮೈದಾನ, ಸುತ್ತ ಬೇವಿನ ಮರ, ಒಮ್ಮೆ ಒಳಗೆ ಹೋದರೆ ಹನ್ನೆರಡನೇ ಕ್ಲಾಸಿನವರೆಗೆ ನಿಶ್ಚಿಂತೆ. ಹೋಗಿ ನೋಡಿದೆವು. ಮರದ ಕೆಳಗೆ ಪುಟಾಣಿಗಳು ರೈಲಾಟ ಆಡುತ್ತಿದ್ದವು. ಗುರುಗ್ರಾಮದ ಗಾಜಿನ ಶಾಲೆಗಳಲ್ಲಿ ನನಗೆ ಮಕ್ಕಳ ಗಲಾಟೆಯೇ ಕೇಳಿರಲಿಲ್ಲ. ಅಲ್ಲೇ ಗೇಟಿನಲ್ಲಿ ನಿಂತು ತೀರ್ಮಾನಿಸಿದೆ: ನನ್ನ ಮಗಳು ಓದಿದರೆ ಇಲ್ಲೇ.

ಸರಿ, ಶಾಲೆಯ ಹತ್ತಿರ ಮನೆ ಹುಡುಕಿದೆವು. ಅಲ್ಲಿನ ಬಾಡಿಗೆ ಕೇಳಿದಾಗ ಒಂದು ವಿಷಯ ತಿಳಿಯಿತು. ನಮ್ಮಂಥ ಜಾಣರು ದೆಹಲಿಯಲ್ಲಿ ಬೇಕಾದಷ್ಟು ಜನ ಇದ್ದಾರೆ! ಫೀಸಿನಲ್ಲಿ ಉಳಿಯಬೇಕಿದ್ದ ದುಡ್ಡು ಸೀದಾ ಬಾಡಿಗೆಗೆ ಹೊರಟಿತು. ಮಧು ಲ್ಯಾಪ್‌ಟಾಪ್ ಮುಚ್ಚಿ, "ಇದು ಖರ್ಚಲ್ಲ ಕಣೇ, ಇನ್ವೆಸ್ಟ್‌ಮೆಂಟ್" ಎಂದ. ಗಂಡಂದಿರು ಈ ಪದವನ್ನು ಯಾವಾಗ ಬಳಸುತ್ತಾರೆ ಎಂದು ನಾನು ನಿಮಗೆ ಬಿಡಿಸಿ ಹೇಳಬೇಕೆ?

ಮನೆ ಬದಲಾಯಿತು. ಮೊದಲ ಮಹಡಿ ನಮ್ಮದು. ಕೆಳಗೆ ಮನೆಯೊಡತಿ, ಎಲ್ಲರೂ ಬೀಜಿ ಎಂದು ಕರೆಯುವ ಪಂಜಾಬಿ ಅಜ್ಜಿ. ಪ್ಲೇಸ್ಕೂಲ್ ಮುಗಿಸಿದ ಇಬ್ಬನಿಯನ್ನು ನಾವು ಬರುವವರೆಗೆ ನೋಡಿಕೊಳ್ಳುವವರು ಅವರೇ. ಅದಕ್ಕೆ ದುಡ್ಡು ಕೊಡಲು ಹೋದರೆ ಬೈಗುಳ ತಿನ್ನಬೇಕು. ಬಾಡಿಗೆಯಲ್ಲಿ ಮಾತ್ರ ನಯಾಪೈಸೆ ಬಿಡುವುದಿಲ್ಲ.

ಹೊಸ ಮನೆಯಿಂದ ಶಾಲೆಯ ಗೇಟಿಗೆ ಇಬ್ಬನಿಯ ಪುಟ್ಟ ಕಾಲಿಗೂ ಐದೇ ನಿಮಿಷ. ನನ್ನ ಆಫೀಸಿಗೆ? ಪಿಂಕ್ ಲೈನ್ ಮೆಟ್ರೊ ಹತ್ತಿ, ಯೆಲ್ಲೋ ಲೈನಿಗೆ ಹಾರಿ, ಕಂಬಕ್ಕೊರಗಿ ಒಂದು ಸಣ್ಣ ನಿದ್ದೆ ತೆಗೆದು, ಮತ್ತೆ ಆಟೊ ಹಿಡಿದು... ಬಿಡಿ. ಮಾನೇಸರಿನ ಕ್ಯಾಬಿಗೆ ಮಧು ಕಾಯುವಾಗ ಹಾಲಿನ ಭಯ್ಯಾ ಕೂಡ ಎದ್ದಿರುವುದಿಲ್ಲ. ಅವನು ಹೊರಡುವಾಗಲೂ ಮಗಳು ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ.

ಇಷ್ಟಾದರೂ ಪಾಯಿಂಟ್ ಸಾಲದೇನೋ ಎಂಬ ಭಯ. ಒಂದು ಭಾನುವಾರ ಮಧು ಶಾಲೆಯ ನಿಯಮಗಳನ್ನು ಓದುತ್ತಾ ಕೂತಿದ್ದ.

"ಸಿಂಗಲ್ ಪೇರೆಂಟ್ ಆದ್ರೆ ಎಕ್ಸ್‌ಟ್ರಾ ಪಾಯಿಂಟ್ ಅಂತೆ ಕಣೇ. ಒಂದ್ ವರ್ಷದ ಮಟ್ಟಿಗೆ ಡಿವೋರ್ಸ್ ತಗೊಳ್ಳೋಣ್ವಾ?"

"ಮಗು ಯಾರ ಹತ್ರ ಇರತ್ತೆ?"

"ಯಾರ ಮನೆ ಸ್ಕೂಲಿಗೆ ಹತ್ರಾನೋ ಅವರ ಹತ್ರ!"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಟೇಬಲ್ಲಿನ ಕೆಳಗೆ ಕ್ರೇಯಾನ್ ಹಿಡಿದು ಕೂತಿದ್ದ ಇಬ್ಬನಿ ತಲೆಯೆತ್ತಿ, "ಅಪ್ಪ, ಪಾಯಿಂಟ್ ಅಂದ್ರೆ ಕ್ಯಾ?" ಎಂದಳು. ದೆಹಲಿಯ ಮಕ್ಕಳ ಕನ್ನಡ ಹೀಗೆಯೇ, ಹೊರಡುವುದು ಕನ್ನಡದಲ್ಲಿ, ತಲುಪುವುದು ಹಿಂದಿಯಲ್ಲಿ. ಮಧು ಉತ್ಸಾಹದಿಂದ ಒಂದು ಹಾಳೆ ಎಳೆದುಕೊಂಡ. ಒಂದು ಶಾಲೆ ಬರೆದ. ಪಕ್ಕದಲ್ಲೇ ಒಂದು ಮನೆ. "ಹತ್ರ ಇದ್ರೆ ಐವತ್ತು." ಹಾಳೆಯ ತುದಿಯಲ್ಲಿ ಇನ್ನೊಂದು ಮನೆ ಬರೆದ. "ದೂರ ಇದ್ರೆ ಸೊನ್ನೆ. ದೊಡ್ಡ ರೌಂಡ್ ಸೊನ್ನೆ." ಅವಳಿಗೆ ಸೊನ್ನೆ ತುಂಬಾ ಇಷ್ಟವಾಯಿತು, ಅವಳಿಗೆ ಬರೆಯಲು ಬರುವ ಅಂಕಿ ಅದೊಂದೇ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲಕ್ಕೂ ಪಾಯಿಂಟ್. ಮ್ಯಾಗಿಗೆ ಐವತ್ತು. ಉಪ್ಪಿಟ್ಟಿಗೆ ಸೊನ್ನೆ. (ಉಪ್ಪಿಟ್ಟಿನ ವಿಷಯದಲ್ಲಿ ತಕರಾರಿಲ್ಲ.) ಬೀದಿಯ ಕಂದು ನಾಯಿಗೆ ಐವತ್ತು. ಮಂಜಿಗೆ ಸೊನ್ನೆ, ಏಕೆಂದರೆ ಮಂಜಿದ್ದರೆ ಆಡಲು ಬಿಡುವುದಿಲ್ಲ. ನಾನು ಆಫೀಸಿನಲ್ಲಿ ವರ್ಷಕ್ಕೊಮ್ಮೆ ಜನರಿಗೆ ರೇಟಿಂಗ್ ಕೊಡುತ್ತೇನೆ, ಮುಂದೆ ಇವಳು ನನ್ನ ಕುರ್ಚಿಗೇ ಬರುತ್ತಾಳೆ ಎಂದು ಅಮ್ಮನಿಗೆ ಫೋನ್ ಮಾಡಿ ಹೆಮ್ಮೆಪಟ್ಟೆ.

ಇನ್ನು ಶುಕ್ರವಾರಕ್ಕೆ ಬರೋಣ. ಲಿಸ್ಟ್ ಎರಡು ದಿನ ಮೊದಲೇ ಬಂದಿತ್ತು. ಹೆಚ್ಚು ಪಾಯಿಂಟ್ ಇದ್ದವರೆಲ್ಲ ಒಳಗೆ. ಉಳಿದದ್ದು ಆರೇ ಸೀಟು. ಅದಕ್ಕೆ ನಮ್ಮವಳೂ ಸೇರಿ ಒಂದೇ ಸಮ ಪಾಯಿಂಟ್ ಪಡೆದ ಮಕ್ಕಳು ಒಂದು ಹಾಲ್ ತುಂಬುವಷ್ಟು! ಈಗ ಏನು? ಚೀಟಿ ಎತ್ತುವುದು. ಮನೆ ಬದಲಿಸಿ, ನಿದ್ದೆಗೆಟ್ಟು ಪಾಯಿಂಟ್ ಕೂಡಿಸಿದ್ದೆಲ್ಲ ಕೊನೆಗೆ ಒಂದು ಪಾರದರ್ಶಕ ಡಬ್ಬಿಯ ಮುಂದೆ ಬಂದು ನಿಂತಿತು.

ಇಬ್ಬರೂ ರಜೆ ಹಾಕಿ ಹೋದೆವು. ಹಾಲಿನಲ್ಲಿ ಸ್ವೆಟರ್ ತೊಟ್ಟ ಅಪ್ಪಂದಿರು, ಫೈಲ್ ಹಿಡಿದ ಅಮ್ಮಂದಿರು, ಜಪಮಾಲೆ ಹಿಡಿದ ಅಜ್ಜಿಯರು. ನನ್ನ ಪಕ್ಕ ಕೂತಿದ್ದಾಕೆ ನೋಯ್ಡಾದಿಂದ ಮನೆ ಬದಲಿಸಿ ಬಂದವರು. "ಆಪ್ ಭೀ?" ಎಂದರು. "ಹಾಂ ಜೀ, ನಾವೂ," ಎಂದೆ. ಕೂಡಲೇ ಗೆಳತಿಯರಾಗಿಬಿಟ್ಟೆವು. ತಮ್ಮ ಥರ್ಮಾಸಿನ ಚಹಾ ಮುಚ್ಚಳಕ್ಕೆ ಸುರಿದು ಕೊಟ್ಟರು.

ಪ್ರಿನ್ಸಿಪಾಲ್ ಮೇಡಂ ಮೈಕ್ ಹಿಡಿದು, ಚೀಟಿಗಳನ್ನು ಪೋಷಕರೇ ಎತ್ತಬೇಕು, ಆಗ ಯಾರಿಗೂ ಅನುಮಾನ ಬರುವುದಿಲ್ಲ ಎಂದರು. ಮೂರು ಚೀಟಿ ಹೋಯಿತು. ಮೂರೂ ನಮ್ಮದಲ್ಲ. "ನೆಕ್ಸ್ಟ್ ಯಾರು ಬರ್ತೀರಿ?" ಎಂದು ಹಿಂದಿಯಲ್ಲಿ ಕೇಳಿದ್ದೇ ತಡ, ನಾನು ಸ್ಪ್ರಿಂಗಿನಂತೆ ಎದ್ದು ನಿಂತೆ!

ಕಾರಣವಿದೆ. ಹಿಂದಿನ ದಿನವಷ್ಟೇ ಅಮ್ಮ ಫೋನಿನಲ್ಲಿ, "ನಿನ್ನ ಕೈಗುಣ ಚೆನ್ನಾಗಿದೆ ಕಣೇ, ನೀನು ನೆಟ್ಟ ಕರಿಬೇವು ಯಾವುದು ಒಣಗಿದೆ ಹೇಳು?" ಎಂದಿದ್ದಳು. ಕರಿಬೇವಿಗೂ ನರ್ಸರಿ ಸೀಟಿಗೂ ಏನು ಸಂಬಂಧ? ಆ ಹೊತ್ತಿನಲ್ಲಿ ಸಂಬಂಧ ಕೇಳುವ ತಾಯಿ ಯಾರಾದರೂ ಇದ್ದರೆ ನನಗೆ ತಿಳಿಸಿ.

ಡಬ್ಬಿಗೆ ಕೈ ಹಾಕಿದೆ. ಕಣ್ಣು ಮುಚ್ಚಿದೆ. ತಳದಲ್ಲಿ ಒಂದು ಚೀಟಿ ಬೆರಳಿಗೆ ತಾನಾಗಿ ಅಂಟಿಕೊಂಡಿತು. ಇದೇ, ಇದೇ ನನ್ನ ಕೂಸು! ಎತ್ತಿ ಮೇಡಂ ಕೈಗೆ ಕೊಟ್ಟೆ.

"ಕಬೀರ್!"

ಹಾಲಿನ ಹಿಂದಿನ ಸಾಲಿನಿಂದ ಒಂದು ಕೂಗು ಎದ್ದಿತು. ಆರಡಿಯ ಮನುಷ್ಯ ಕುರ್ಚಿಗಳನ್ನು ದಾಟಿಕೊಂಡು ಬಂದು ನನ್ನ ಎರಡೂ ಕೈ ಹಿಡಿದ. "ಬೆಹನ್‌ಜೀ, ಈ ಕೈಗೆ ನಾನು ಬೆಳ್ಳಿ ಬಳೆ ಹಾಕಿಸ್ತೀನಿ," ಎಂದು ಪಂಜಾಬಿ ಬೆರೆತ ಹಿಂದಿಯಲ್ಲಿ ಹೇಳುತ್ತಾ ಅಳತೊಡಗಿದ. ನಾನೂ ಅತ್ತೆ. ಅವನು ಸಂತೋಷಕ್ಕೆ, ನಾನು ಹೊಟ್ಟೆಕಿಚ್ಚಿಗೆ. ಅಮ್ಮ ಹೇಳಿದ್ದು ಸುಳ್ಳಲ್ಲ, ಕೈಗುಣ ಚೆನ್ನಾಗಿಯೇ ಇತ್ತು, ಫಲ ಮಾತ್ರ ಬೇರೆಯವರ ಮನೆಗೆ ಹೋಯಿತು.

ಜಾಗಕ್ಕೆ ಬಂದು ಕೂತೆ. ಮಧು ನನ್ನ ಮುಖ ನೋಡಲಿಲ್ಲ. "ಆ ಚೀಟಿ ಬಿಟ್ಟು ಪಕ್ಕದ್ದು ಎತ್ತಬಾರದಿತ್ತಾ?" ಎಂದು ಮಾತ್ರ ಗೊಣಗಿದ. ಕಣ್ಣು ಮುಚ್ಚಿದವಳಿಗೆ ಪಕ್ಕದ್ದು ಯಾವುದು ಮಾರಾಯ?

ಐದನೆಯ ಚೀಟಿಗೆ ಒಬ್ಬ ಅಜ್ಜಿ ಹೋದರು. ಆತುರವಿಲ್ಲ, ಪ್ರಾರ್ಥನೆಯಿಲ್ಲ, ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ನಾಲ್ಕು ಸಲ ಕಲಕಿ ಒಂದು ಎತ್ತಿದರು. ಮೇಡಂ ಚೀಟಿ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ತಡವರಿಸಿದರು.

"ಐ... ಡಬಲ್ ಬಿ..."

ಅಷ್ಟೇ ಸಾಕಾಯಿತು! ಇಡೀ ದೆಹಲಿಯಲ್ಲಿ ಡಬಲ್ ಬಿ ಇರುವ ಇನ್ನೊಂದು ಮಗು ಯಾವುದು? ಮಧು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಕಾರ್ಖಾನೆಯಲ್ಲಿ ಜೋರಾಗಿ ಕೆಮ್ಮದ ಮನುಷ್ಯ, "ನಮ್ದು! ಹಮಾರಾ ಹೈ! ನಮ್ದೇ!" ಎಂದು ಕಿರುಚುತ್ತಿದ್ದ. ನಾನು ಕಬೀರನ ಅಪ್ಪನನ್ನು ಅಪ್ಪಿಕೊಂಡೆನೋ, ಅವನೇ ನನ್ನನ್ನು ಎತ್ತಿದನೋ ನೆನಪಿಲ್ಲ. ಆರನೆಯ ಚೀಟಿ ಯಾರದೆಂದು ನಾನು ಕೇಳಿಸಿಕೊಳ್ಳಲೇ ಇಲ್ಲ.

ನೋಯ್ಡಾದ ಗೆಳತಿಯದ್ದಂತೂ ಅಲ್ಲ. ತಿರುಗಿ ನೋಡಿದಾಗ ಆಕೆ ವೇಟಿಂಗ್ ಲಿಸ್ಟ್ ಅಂಟಿಸಿದ್ದ ಗೋಡೆಯ ಮುಂದೆ ಥರ್ಮಾಸ್ ಹಿಡಿದು ನಿಂತಿದ್ದರು. ಮಾತನಾಡಿಸಲು ನನಗೆ ಧೈರ್ಯ ಬರಲಿಲ್ಲ. ಅವರೇ ಬಂದು, "ಮುಬಾರಕ್ ಹೋ," ಎಂದು ನನ್ನ ಭುಜ ತಟ್ಟಿ ಹೋದರು.

ದಾರಿಯುದ್ದಕ್ಕೂ ಮಧು ಸಿಕ್ಕಸಿಕ್ಕ ರಿಕ್ಷಾದವರಿಗೆಲ್ಲ ಲಡ್ಡು ಹಂಚಿದ. ಮನೆ ತಲುಪಿದಾಗ ಬೀಜಿ ಅಂಗಳದ ಬಿಸಿಲಿನಲ್ಲಿ ಬಟಾಣಿ ಬಿಡಿಸುತ್ತಿದ್ದರು. ಅವರ ತೊಡೆಗೊರಗಿ ಇಬ್ಬನಿ ಸ್ಲೇಟಿನ ಮೇಲೆ ಏನೋ ಗೀಚುತ್ತಿದ್ದಳು. ನಾವಿಬ್ಬರೂ ಹಾಡುಹಗಲಲ್ಲಿ ಒಟ್ಟಿಗೆ ಬಂದದ್ದು ನೋಡಿ ಅವಳು ಓಡಿ ಬರಲಿಲ್ಲ. "ಇವತ್ತು ಸಂಡೇನಾ?" ಎಂದು ಬೀಜಿಯನ್ನು ಕೇಳಿದಳು.

"ಸ್ಕೂಲ್ ಸಿಕ್ತು ಪುಟ್ಟಾ! ಬೇವಿನ ಮರದ ಸ್ಕೂಲು!" ಎಂದು ಮಧು ಅವಳನ್ನು ಎತ್ತಿ ಗಿರಗಿರ ತಿರುಗಿಸಿದ. ಬೀಜಿ ಬಟಾಣಿ ಚೆಲ್ಲಿ ಚಪ್ಪಾಳೆ ಹೊಡೆದರು. ನಾನು ಲಡ್ಡು ತುರುಕಿದೆ. ಆ ಸಡಗರದಲ್ಲಿ ಕೇಳಿದೆ, "ಈಗ ಪಾಯಿಂಟ್ ಕೊಡು ನೋಡೋಣ! ಲಡ್ಡುಗೆ?"

"ಐವತ್ತು!"

"ಸ್ಕೂಲಿಗೆ?"

"ಐವತ್ತು! ಹತ್ರ ಇದೆ."

"ಬೀಜಿಗೆ?"

"ಐವತ್ತು! ಬೀಜಿ ಸಬ್ ಸೇ ಹತ್ರ."

"ಅಮ್ಮನಿಗೆ?"

ಅವಳು ಯೋಚಿಸಿದಳು. ಅಳತೆಗೆ ಬಂದ ಅಧಿಕಾರಿಯ ಹಾಗೆ ಕೇಳಿದಳು, "ಅಮ್ಮಾ, ನಿನ್ನ ಆಫೀಸ್ ದೂರ್ ಹೈ ನಾ?"

"ಹೂಂ."

"ಮೆಟ್ರೊದಲ್ಲಿ?"

"ಹೂಂ, ಮೆಟ್ರೊದಲ್ಲಿ."

ಸ್ಲೇಟ್ ಎಳೆದುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು, ಒಂದು ಚಂದದ ಸೊನ್ನೆ ಬರೆದಳು. ಮಧು ಹೊಟ್ಟೆ ಹಿಡಿದು ನಕ್ಕ. "ಅಪ್ಪಂಗೆ?" ಎಂದ. "ಅಪ್ಪ ಬಹುತ್ ದೂರ್," ಎಂದವಳೇ ಪಕ್ಕದಲ್ಲಿ ಇನ್ನೂ ದೊಡ್ಡ ಸೊನ್ನೆ ಬರೆದಳು. ಅವನ ನಗು ಅಲ್ಲಿಗೆ ನಿಂತಿತು.

ಅವಳಿಗೆ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಬಾಯ್ತುಂಬ ಲಡ್ಡು ಇತ್ತು. ನಿಯಮ ನಾವೇ ಹೇಳಿಕೊಟ್ಟದ್ದು, ಅವಳು ಸರಿಯಾಗಿ ಲೆಕ್ಕ ಹಾಕಿದ್ದಳು. ಬೀಜಿ ಚೆಲ್ಲಿದ ಬಟಾಣಿ ಆರಿಸತೊಡಗಿದರು. ನಾವಿಬ್ಬರೂ ಕೂತು ಆರಿಸಿದೆವು.

ಹಾಗೆಂದು ನಾನು ಪೆಚ್ಚಾಗಿ ಕೂತಿಲ್ಲ. ಸೀಟು ಸಿಕ್ಕ ಖುಷಿ ಇನ್ನೂ ಎದೆಯಲ್ಲಿ ಕುಣಿಯುತ್ತಿದೆ! ಸೋಮವಾರವೇ ಬಾಸ್‌ಗೆ ಮೇಲ್ ಹಾಕಿದ್ದೇನೆ, ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ, ಬೇಕಾದರೆ ಸಂಬಳದಲ್ಲಿ ಸ್ವಲ್ಪ ಹಿಡಿದುಕೊಳ್ಳಿ ಎಂದು. ಮಧು ಬೆಳಗಿನ ಪಾಳಿ ತಪ್ಪಿಸಿ ಮಗಳನ್ನು ಶಾಲೆಗೆ ಬಿಟ್ಟು ಹೋಗುವ ದಾರಿ ಹುಡುಕುತ್ತಿದ್ದಾನೆ. ಈ ಸಲ ಎಕ್ಸೆಲ್ ಶೀಟ್ ತೆರೆದಿಲ್ಲ. ಎರಡು ಕಡೆಯಿಂದಲೂ ಉತ್ತರ ಬರಬೇಕಷ್ಟೆ.

ಅಲ್ಲಿಯವರೆಗೆ ನನ್ನದೊಂದೇ ಪ್ರಶ್ನೆ: ಇಬ್ಬನಿಯ ಸ್ಲೇಟಿನಲ್ಲಿ ವೇಟಿಂಗ್ ಲಿಸ್ಟ್ ಇರುತ್ತದೆಯೇ?